ಯುದ್ಧ ಬಂದಾಗ ಶೂರರು, ಮುಗಿದಾಗ ಯಾರು?



ನಮಗೆ ಪಾಠ ಹೇಳುವಾಗ ಎರಡನೇ ಮಹಾಯುದ್ಧ ಅಂದ್ರೆ ಹಿಟ್ಲರು, ಚರ್ಚಿಲ್ಲು, ಹಿರೋಶಿಮಾ. ಬರ್ಮಾ ಗಡಿಯಲ್ಲಿ ಕಾದಿದ ಬ್ರಿಟಿಷ್ ಸಾಮ್ರಾಜ್ಯದ ಹದಿನಾಲ್ಕನೇ ಸೈನ್ಯದ ಸುದ್ದಿ ಕಡಿಮೆ. ಅದಕ್ಕೆ ‘ಮರೆತುಹೋದ ಸೈನ್ಯ’ ಅಂತಲೇ ಹೆಸರು ಬಿದ್ದಿತ್ತು. ಆ ಮರೆತವರೊಳಗೂ ಇನ್ನಷ್ಟು ಮರೆತವರಿದ್ದಾರೆ. ನಾವು ಇವತ್ತು ಅವರ ಮಾತು ಆಡ್ತೇವೆ.

1943ರಲ್ಲಿ ಜನರಲ್ ಸ್ಲಿಮ್ ಕೈಕೆಳಗೆ ಕಟ್ಟಿದ ಸೈನ್ಯ ಅದು. ಹೆಚ್ಚಿನವರು ಭಾರತದವರು. ಜೊತೆಗೆ ಗೂರ್ಖರು, ಆಫ್ರಿಕದವರು, ಬ್ರಿಟಿಷರು. ಜಪಾನೀಯರಿಗಿಂತ ದೊಡ್ಡ ಶತ್ರು ಕಾಯಿಲೆ. ಗಾಯಗೊಂಡ ಒಬ್ಬನಿಗೆ ಮಲೇರಿಯಾ, ಆಮಶಂಕೆಗಳಿಂದ ಮಲಗಿದವರು 120 ಜನ! ರೇಷ್ಮೆ ಪ್ಯಾರಾಚೂಟ್ ಸಾಲದೆ ಸೆಣಬಿನ ಬಟ್ಟೆಯಲ್ಲೇ ಮಾಡಿಸಿ ಅದರಲ್ಲಿ ಸಾಮಾನು ಇಳಿಸಿದರು. 1944ರ ಮಾರ್ಚಿನಲ್ಲಿ ಜಪಾನೀಯರು ಇಂಫಾಲ, ಕೊಹಿಮಾಗಳತ್ತ ನುಗ್ಗಿದರು. ಜುಲೈ ಹೊತ್ತಿಗೆ ಸೋತು, ಹಸಿದು ಹಿಂದಕ್ಕೆ ಹೋದರು. 1945ರ ಮೇ ತಿಂಗಳಲ್ಲಿ ರಂಗೂನು ಬ್ರಿಟಿಷರ ಕೈಗೆ ಮರಳಿತು.

ಈ ಕೊಹಿಮಾದಲ್ಲಿ ನಮ್ಮವರಿದ್ದರು. 1943ರಲ್ಲಿ ಕಟ್ಟಿದ ಚಮಾರ್ ರೆಜಿಮೆಂಟಿಗೆ ಕೊಹಿಮಾದ ಯುದ್ಧಗೌರವ ಸಿಕ್ಕಿತು. 1946ರಲ್ಲಿ? ಆ ರೆಜಿಮೆಂಟನ್ನೇ ಮುಚ್ಚಿದರು.

ಇದು ಹೊಸ ಆಟವೇನಲ್ಲ. ಬಾಬಾಸಾಹೇಬರ ತಂದೆ ರಾಮಜಿ ಸಕ್ಪಾಲರು ಸೈನ್ಯದಲ್ಲಿ ಸುಬೇದಾರರಾಗಿದ್ದವರು. ಅಂಥ ಮಹಾರರಿಗೆ 1890ರ ದಶಕದಲ್ಲಿ ‘ನೀವು ಯುದ್ಧದ ಜಾತಿಯವರಲ್ಲ’ ಅಂತ ಬಾಗಿಲು ಹಾಕಿದರು. 1917ರಲ್ಲಿ ಮೊದಲ ಮಹಾಯುದ್ಧಕ್ಕೆ ಆಳು ಸಾಲಲಿಲ್ಲ, 111ನೇ ಮಹಾರ್ ಪಡೆ ಕಟ್ಟಿದರು. 1921ರಲ್ಲಿ ಮುಚ್ಚಿದರು. ಮತ್ತೆ ಯುದ್ಧ ಬಂತು. 1941ರ ಅಕ್ಟೋಬರಿನಲ್ಲಿ ನಮ್ಮ ಬೆಳಗಾವಿಯಲ್ಲೇ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಹುಟ್ಟಿತು. ಅದು ಉಳಿಯಿತು, ಇವತ್ತಿಗೂ ಇದೆ.

ಪದಕ ಎತ್ತಿಕೊಂಡು ಕುಣಿಯೋಕೆ ನಾವು ಇದನ್ನು ಹೇಳ್ತಿಲ್ಲ. ಆ ಸೈನ್ಯ ಸಾಮ್ರಾಜ್ಯದ್ದು. ಅದು ಬರ್ಮಾಕ್ಕೆ ಸಜ್ಜಾಗುತ್ತಿದ್ದ 1943ರಲ್ಲೇ ಬಂಗಾಳದಲ್ಲಿ ಲಕ್ಷಾಂತರ ಬಡವರು ಕೂಳಿಲ್ಲದೆ ಸತ್ತರು. ಬ್ರಿಟಿಷರು ನಮಗೆ ಬಂದೂಕು ಕೊಟ್ಟದ್ದು ನ್ಯಾಯಕ್ಕಲ್ಲ, ಗರಜಿಗೆ.

ಆದ್ರೆ ಒಂದು ಲೆಕ್ಕ ನೋಡಿ. 1890ರ ದಶಕದಲ್ಲಿ ಇಲ್ಲದ ಯೋಗ್ಯತೆ 1917ರಲ್ಲಿ ಎಲ್ಲಿಂದ ಬಂತು? 1921ರಲ್ಲಿ ಎಲ್ಲಿಗೆ ಹೋಯ್ತು? 1941ರಲ್ಲಿ ಹೇಗೆ ಹುಟ್ಟಿತು? ಮೈಯೊಳಗಿನ ರಕ್ತ ಬದಲಾಗಲಿಲ್ಲ. ಬದಲಾದದ್ದು ಬಾಗಿಲು ಕಾಯುವವನ ಗರಜು.

ನಾಳೆ ಕ್ಲಾಸಿನಲ್ಲೋ ಹಾಸ್ಟೆಲ್ ಮುಂದೋ ಯಾರಾದ್ರೂ ‘ನಿಮಗೆ ಯೋಗ್ಯತೆ ಎಲ್ಲಿದೆ’ ಅಂದ್ರೆ ತಲೆ ತಗ್ಗಿಸಬೇಡಿ, ಕೂಗಾಡಲೂ ಬೇಡಿ. ಈ ಇಸವಿಗಳನ್ನು ಒಂದೊಂದಾಗಿ ಮುಂದಿಟ್ಟು ಕೇಳಿ: ಯೋಗ್ಯತೆ ಅಳೆಯೋ ಕೋಲು ಯಾರ ಕೈಲಿತ್ತು?