ಐಮೌತ್ ಬಂದರು ಕಲಿಸುವ ಪಾಠ

(ಬೆಳ್ಳಿಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಇವತ್ತು ನಾವು ದೂರದ ಒಂದು ಊರಿನ ಸಂಗತಿ ಹೇಳಬೇಕೆಂದಿದ್ದೇವೆ. ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ, ಇಂಗ್ಲೆಂಡಿನ ಗಡಿಗೆ ಹತ್ತಿರ, ಐಮೌತ್ ಅಂತ ಮೀನುಗಾರರ ಊರಿದೆ. ಐ ಎಂಬ ಹೊಳೆ ಕಡಲು ಸೇರುವ ಕಡೆಯೇ ಅದರ ಬಂದರು. ನಮಗೆ ಹೊಲ ಹೇಗೋ ಅವರಿಗೆ ಕಡಲು ಹಾಗೆ. ಗಂಡಸರು ದೋಣಿಯಲ್ಲಿ ಹೋದರೆ, ಹೆಂಗಸರು ಮನೆಯಲ್ಲಿ ಕೂತು ಗಾಳಗಳಿಗೆ ಎರೆ ಚುಚ್ಚಿಕೊಡೋರು.

ಹಿಡಿದ ಮೀನಿನಲ್ಲಿ ಚರ್ಚಿನ ಪಾದ್ರಿಗೆ ಪಾಲು ಕೊಡಬೇಕೆಂಬ ಹಳೇ ಕಟ್ಟಳೆ ಅಲ್ಲಿತ್ತು. ವಿಲಿಯಂ ಸ್ಪಿಯರ್ಸ್ ಎಂಬ ಮೀನುಗಾರ ಮುಂದೆ ನಿಂತ. ಊರವರು ಒಗ್ಗಟ್ಟಾಗಿ ಕೊಡೋದಿಲ್ಲ ಅಂದರು. ವರ್ಷಗಟ್ಟಲೆ ಜಗ್ಗಾಟ ನಡೆದು, ಕೊನೆಗೆ 1860ರ ದಶಕದಲ್ಲಿ ದೊಡ್ಡ ಮೊತ್ತ ಒಪ್ಪಿಕೊಂಡು ಆ ಹೊರೆ ಇಳಿಸಿಕೊಂಡರು. ಗೆದ್ದದ್ದೇನೋ ಸರಿ. ಆದರೆ ಈ ಗಲಾಟೆ, ಸಾಲದ ನಡುವೆ ಬಂದರಿನ ಕೆಲಸ ಹಿಂದೆ ಬಿತ್ತು. ಬಂದರಿನ ಬಾಯಿ ಕಿರಿದು, ಎದುರಿಗೇ ಬಂಡೆಗಳು.

1881ರ ಅಕ್ಟೋಬರ್ 14, ಶುಕ್ರವಾರ. ಹಲವು ದಿನ ಹವೆ ಕೆಟ್ಟು ದೋಣಿ ಇಳಿದಿರಲಿಲ್ಲ, ಮನೆಗಳಲ್ಲಿ ಕಾಸಿಲ್ಲ. ಆವತ್ತು ಬೆಳಿಗ್ಗೆ ಕಡಲು ಶಾಂತ. ಗಾಳಿಯ ಒತ್ತಡ ಅಳೆಯುವ ಯಂತ್ರದ ಮುಳ್ಳು ಕೆಳಗಿಳಿದಿದ್ದರೂ ಹೊರಟರು. ಮಧ್ಯಾಹ್ನದ ಹೊತ್ತಿಗೆ ಬಿರುಗಾಳಿ ಎದ್ದಿತು. ದಡ ಮುಟ್ಟಲು ಬಂದ ದೋಣಿಗಳು ಬಂದರಿನ ಬಾಯಲ್ಲೇ ಬಂಡೆಗೆ ಬಡಿದು ಒಡೆದವು. ಹೆಂಡಿರು ಮಕ್ಕಳು ದಡದಲ್ಲಿ ನಿಂತು ಕಣ್ಣಾರೆ ನೋಡಿದರು. ಆ ಕರಾವಳಿಯಲ್ಲಿ ಒಟ್ಟು 189 ಜನ ಸತ್ತರು. ಅದರಲ್ಲಿ ಐಮೌತಿನವರೇ 129. ಏರಿಯಲ್ ಗೆಜೆಲ್ ಎಂಬ ದೋಣಿ ಮಾತ್ರ ದಡಕ್ಕೆ ಬರದೆ ನಡುಗಡಲಲ್ಲೇ ಗಾಳಿ ಎದುರಿಸಿ, ಭಾನುವಾರ ಜನರ ಸಮೇತ ವಾಪಸ್ ಬಂತು.

ದೇಶದ ಜನ 50 ಸಾವಿರ ಪೌಂಡಿಗೂ ಮಿಕ್ಕಿ ದೇಣಿಗೆ ಕೊಟ್ಟರು. ಅದನ್ನು ನಿಧಿ ಮಾಡಿ ವಿಧವೆಯರಿಗೆ, ಮಕ್ಕಳಿಗೆ ವಾರವಾರ ಹಣ ಕೊಟ್ಟರು. ಬಂದರಿನ ಕೆಲಸವೂ ಆಮೇಲೆ ನಡೆಯಿತು. 1981ರಲ್ಲಿ, ನೂರು ವರ್ಷ ತುಂಬಿದಾಗ, ಆ ಊರಿನ ಹೆಣ್ಣುಮಕ್ಕಳು ಆ ದಿನದ ನೆನಪನ್ನು ದೊಡ್ಡ ಬಟ್ಟೆಯ ಮೇಲೆ ಕಸೂತಿ ಹಾಕಿದರು. 2016ರಲ್ಲಿ, ಕಡಲ ಕಡೆ ನೋಡುತ್ತಾ ನಿಂತ ಹೆಂಗಸರು ಮಕ್ಕಳ ಕಂಚಿನ ಪುಟ್ಟ ಬೊಂಬೆಗಳನ್ನು ನಿಲ್ಲಿಸಿದರು. ಊರು ಅಳಿಯಲಿಲ್ಲ. ಇವತ್ತಿಗೂ ಅಲ್ಲಿಂದ ದೋಣಿ ಹೊರಡುತ್ತವೆ.

ಬಂಧುಗಳೇ, ಒಗ್ಗಟ್ಟಿದ್ದರೆ ಎಂಥ ಹೊರೆಯನ್ನಾದರೂ ಇಳಿಸಬಹುದು. ಆದರೆ ಎಲ್ಲರ ಜೀವ ಕಾಯುವ ಕೆಲಸವನ್ನು ಬರುವ ವರ್ಷಕ್ಕೆ ಇರಲಿ ಅಂದರೆ ಗಾಳಿ ಕಾಯೋದಿಲ್ಲ. ಸಂಘದಲ್ಲಿ ಆಪದ್ಧನ ತೆಗೆದಿಡುವಾಗ ಲಾಭಾಂಶ ಕಮ್ಮಿಯಾಯ್ತು ಅನ್ನುವವರು ಐಮೌತನ್ನು ಒಮ್ಮೆ ನೆನೆಯಬೇಕೆಂದು ಕೇಳಿಕೊಂಡು ನಮ್ಮ ಮಾತು ಮುಗಿಸುತ್ತೇವೆ.