ಎರಡು ಮಾರು ನೀರು



ಮಿಸಿಸಿಪ್ಪಿ ನದಿಯಲ್ಲಿ ಉಗಿಹಡಗು ಸಾಗುವಾಗ ಒಬ್ಬಾತ ಸೀಸದ ಗುಂಡು ಕಟ್ಟಿದ ಹಗ್ಗವನ್ನು ನೀರಿಗಿಳಿಸಿ ಆಳ ನೋಡುತ್ತಿದ್ದ. ಎರಡು ಮಾರು, ಅಂದರೆ 12 ಅಡಿ ನೀರು ಸಿಕ್ಕಿದರೆ ‘ಮಾರ್ಕ್ ಟ್ವೈನ್’ ಎಂದು ಕೂಗುತ್ತಿದ್ದ. ಹಡಗು ನೆಲ ತಾಗುವ ಭಯವಿಲ್ಲ ಎಂದರ್ಥ. ಆ ನದಿಯಲ್ಲೇ ಹಡಗು ನಡೆಸಿದ್ದ ಸ್ಯಾಮ್ಯುಯೆಲ್ ಕ್ಲೆಮೆನ್ಸ್ ಆ ಕೂಗನ್ನೇ ತಮ್ಮ ಹೆಸರಾಗಿಸಿಕೊಂಡರು.

1835ರಲ್ಲಿ ಹುಟ್ಟಿದವರು. 11ನೇ ವಯಸ್ಸಿಗೆ ತಂದೆ ತೀರಿಕೊಂಡರು; ಹುಡುಗ ಅಚ್ಚುಮೊಳೆ ಜೋಡಿಸಲು ನಿಂತ. ಮುಂದೆ ಅವರು ಬರೆದ ಹಕಲ್‌ಬೆರಿ ಫಿನ್ ಎಂಬ ಪೋರ, ಗುಲಾಮ ಜಿಮ್‌ನನ್ನು ಹಿಡಿದುಕೊಡಲು ಬರೆದ ಕಾಗದವನ್ನು ತಾನೇ ಹರಿದುಹಾಕುತ್ತಾನೆ. ನಗಿಸುವ ಪುಸ್ತಕದಲ್ಲಿ ಆ ಪುಟ ಬಂದಾಗ ನನಗೆ ಇಂದಿಗೂ ಗಂಟಲು ಕಟ್ಟುತ್ತದೆ.

ಅವರ ಬಾಳಿನಲ್ಲಿ ನನ್ನನ್ನು ಹೆಚ್ಚು ಕಾಡುವುದು ಕೊನೆಯ ಹದಿನೈದು ವರ್ಷ. ಅಚ್ಚುಮೊಳೆ ಜೋಡಿಸುವ ಯಂತ್ರವೊಂದಕ್ಕೆ ಹಣ ಸುರಿದು, ಪ್ರಕಾಶನವೂ ಮುಳುಗಿ, 1894ರಲ್ಲಿ ದಿವಾಳಿಯಾದರು. ಕಾನೂನಿನ ಪ್ರಕಾರ ಪೂರ್ತಿ ಸಾಲ ತೀರಿಸಬೇಕಾಗಿರಲಿಲ್ಲ. ಆದರೂ ಅರವತ್ತರ ಹೊಸ್ತಿಲಲ್ಲಿ, ಮೈಗೆ ಸರಿಯಿಲ್ಲದಿದ್ದರೂ, ಊರೂರಿನ ವೇದಿಕೆ ಹತ್ತಿ ಜನರನ್ನು ನಗಿಸುತ್ತ ಲೋಕ ಸುತ್ತಿದರು. 1896ರಲ್ಲಿ ಮುಂಬಯಿ, ಕಾಶಿ, ಕಲ್ಕತ್ತಗಳಿಗೂ ಬಂದಿದ್ದರು. ಪ್ರವಾಸ ಮುಗಿದು ಇಂಗ್ಲೆಂಡಿಗೆ ಬಂದು ಉಸಿರಾಡುವಷ್ಟರಲ್ಲಿ, 24 ವರ್ಷದ ಮಗಳು ಸೂಸಿ ಅಮೆರಿಕದ ಮನೆಯಲ್ಲಿ ತೀರಿಕೊಂಡ ತಂತಿ ಬಂತು. ಮಗಳ ಮುಖ ನೋಡಲೂ ಆಗಲಿಲ್ಲ.

ಆ ದುಃಖದಲ್ಲೇ ಮೇಜಿಗೆ ಕುಳಿತು ಪ್ರವಾಸದ ಪುಸ್ತಕ ಬರೆದು ಮುಗಿಸಿದರು. 1898ರ ಹೊತ್ತಿಗೆ ಕೊನೆಯ ಸಾಲಗಾರನಿಗೂ ಕೊಡಬೇಕಾದದ್ದೆಲ್ಲ ಸಂದಾಯವಾಗಿತ್ತು.