ನಕ್ಷೆಗೆ ಮುನ್ನ ನಿವಾಸಿಗಳ ಮಾತು



ಹಳೆಯ ವಸತಿ ಸಮುಚ್ಚಯವನ್ನು ಕೆಡವಿ ಹೊಸದನ್ನು ಕಟ್ಟುವಾಗ ಸರಕಾರ, ಪಾಲಿಕೆ, ಖಾಸಗಿ ಕಂಪೆನಿಗಳು ಪಾಲುದಾರರಾಗುತ್ತವೆ. ಅಲ್ಲಿ ಬಾಳಿದವರು ಮಾತ್ರ ಬರೀ ಫಲಾನುಭವಿಗಳು. ಇದು ನ್ಯಾಯವೇ?

ಬೆಂಗಳೂರಿನ ಈಜಿಪುರವನ್ನು ನೆನೆಯೋಣ. ಬಡವರಿಗಾಗಿ ಪಾಲಿಕೆ ಕಟ್ಟಿದ್ದ ಸಮುಚ್ಚಯ ಶಿಥಿಲವಾಯಿತು. ಮರುನಿರ್ಮಾಣಕ್ಕೆ ಖಾಸಗಿ ಸಹಭಾಗಿತ್ವದ ಒಪ್ಪಂದವಾಯಿತು. ನೆಲದ ಒಂದು ಭಾಗ ವಾಣಿಜ್ಯ ಬಳಕೆಗೆ ಮೀಸಲಾಯಿತು. 2013ರ ಜನವರಿಯಲ್ಲಿ ಶೆಡ್‌ಗಳನ್ನು ನೆಲಸಮಗೊಳಿಸಿದಾಗ ಸಾವಿರಾರು ಮಂದಿ ಬೀದಿಪಾಲಾದರು.

ನಮ್ಮ ಮಂಗಳೂರು ಇದರಿಂದ ಪಾಠ ಕಲಿಯಬೇಕು. ನಕ್ಷೆ ಅಂತಿಮಗೊಂಡ ಬಳಿಕ ಸಹಿ ಪಡೆಯುವುದು ಸಮಾಲೋಚನೆಯಲ್ಲ. ಮನೆಯಲ್ಲೇ ಬೀಡಿ ಕಟ್ಟುವ ಮಹಿಳೆಗೆ ಬೆಳಕು, ಗಾಳಿ ಎಷ್ಟು ಬೇಕೆಂಬುದು ಆಕೆಗೇ ಗೊತ್ತು. ಮಳೆಗಾಲದಲ್ಲಿ ನೀರು ನಿಲ್ಲುವ ಜಾಗ ಅಲ್ಲಿನವರಿಗೇ ಗೊತ್ತು. ಲಿಫ್ಟ್ ಮತ್ತು ಪಂಪಿನ ವಿದ್ಯುತ್ ಬಿಲ್ಲನ್ನು ಭರಿಸುವವರು ಯಾರು? ಇದನ್ನು ಮೊದಲೇ ತೀರ್ಮಾನಿಸದ ಕಟ್ಟಡ ಬಾಳಿಕೆ ಬರುವುದಾದರೂ ಹೇಗೆ?

2011ರಲ್ಲಿ ಪಾಲಿಕೆ ಕಾಯ್ದೆಗೆ ತಂದ ತಿದ್ದುಪಡಿಯು ವಾರ್ಡ್ ಸಮಿತಿ ಹಾಗೂ ಏರಿಯಾ ಸಭೆಗಳಿಗೆ ಅವಕಾಶ ಕಲ್ಪಿಸಿದೆ. ನಾವು ಅವುಗಳನ್ನು ಕೇಳಿ ಪಡೆಯಬೇಕು, ಮಹಿಳೆಯರೊಂದಿಗೆ ಹಾಜರಾಗಬೇಕು. ತಾತ್ಕಾಲಿಕ ವಸತಿ, ಬಾಡಿಗೆ, ಮರಳುವ ದಿನಾಂಕ ಇವು ಲಿಖಿತವಾಗಿ ಕೈಸೇರುವವರೆಗೆ ಮನೆಯ ಕೀಲಿಕೈ ನಮ್ಮ ಬಳಿಯೇ ಇರಲಿ.